‘ಫ್ಲೋರೈಡ್‌ಯುಕ್ತ ಸಕ್ಕರೆ’ ಎನ್ನಬಹುದೇ?

ಮಾನ್ಯರೇ,

ಶಿರಸಿಯ ಸುತ್ತಲಿನ ಶಾಲೆಗಳಲ್ಲಿ ಹಂಚಲೆಂದು ಹಲ್ಲಿನ ಆರೋಗ್ಯದ ಕುರಿತು ಕಿರುಹೊತ್ತಿಗೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಹಲ್ಲು ಹುಳುಕಾಗುವುದನ್ನು ತಡೆಯಲು ದಿನಬಳಕೆಯ ಸಕ್ಕರೆಗೇ ಅತ್ಯಲ್ಪ ಪ್ರಮಾಣದ ಫ್ಲೋರೈಡ್ ಸೇರಿಸುವ ವಿಚಾರ ಅದರಲ್ಲಿ ಬರುತ್ತದೆ. ಇಂಡೋನೇಷ್ಯಾದ ಮೇಡಾನ್ ನಗರದ ಮಕ್ಕಳಲ್ಲಿ ಇದನ್ನು ಪ್ರಯೋಗಿಸಿ ನೋಡಿದ್ದೂ ಉಂಟು. ಇಂಥ ಸಕ್ಕರೆಯನ್ನು ಕನ್ನಡದಲ್ಲಿ ಏನೆನ್ನಬೇಕು ಎಂಬಲ್ಲಿಗೆ ನನ್ನ ಬರವಣಿಗೆ ನಿಂತಿದೆ.

ಮೊದಲು ಹೊಳೆದದ್ದು ‘ಫ್ಲೋರೈಡ್‌ಯುಕ್ತ ಸಕ್ಕರೆ’. ‘ಅಯೋಡಿನ್‌ಯುಕ್ತ ಉಪ್ಪು’ ಎಂಬ ಮಾದರಿ ಎಲ್ಲರಿಗೂ ಪರಿಚಿತವೇ. ಆದರೆ ಪಾವಗಡ, ಮುಂಡರಗಿ ಕಡೆಯ ಕೊಳವೆಬಾವಿಗಳ ಸುದ್ದಿಯಲ್ಲಿ ಪತ್ರಿಕೆಗಳು ‘ಫ್ಲೋರೈಡ್‌ಯುಕ್ತ ನೀರು’ ಎಂದು ಬರೆದಾಗ ಅದು ಹಲ್ಲಿಗೆ ಕಲೆ ತರುವ, ಮೂಳೆಯನ್ನು ಬಾಗಿಸುವ ನೀರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ‘ಯುಕ್ತ’ ಎಂಬುದು ‘ಇದೆ’ ಎಂದಷ್ಟೇ ಹೇಳುತ್ತದೆ. ನೆಲದೊಳಗಿಂದ ತಾನಾಗಿ ಬಂದದ್ದೋ, ಮನುಷ್ಯರು ಅಳೆದು ಹಾಕಿದ್ದೋ ಎಂಬುದು ಅದರಿಂದ ತಿಳಿಯುವುದಿಲ್ಲ. ಉಪ್ಪಿನ ಜೊತೆ ಒಳ್ಳೆಯದೆನಿಸಿದ ಪದ ನೀರಿನ ಜೊತೆ ಭಯ ಹುಟ್ಟಿಸಿರುವಾಗ, ಸಕ್ಕರೆಯ ಜೊತೆ ಓದುಗರು ಅದನ್ನು ಯಾವ ಅರ್ಥದಲ್ಲಿ ತೆಗೆದುಕೊಂಡಾರು?

‘ಬೆರೆಸಿದ’ ಎನ್ನಲೂ ಮನಸ್ಸು ಒಪ್ಪುತ್ತಿಲ್ಲ. ನಮ್ಮಲ್ಲಿ ಜೋನಿಬೆಲ್ಲ ಕೊಳ್ಳುವವರು ಮೊದಲು ಕೇಳುವುದೇ ‘ಸಕ್ಕರೆ ಬೆರೆಸಿಲ್ಲ ತಾನೆ?’ ಎಂದು, ಬೆರೆಸುವುದೆಂದರೆ ಕಲಬೆರಕೆಯೇ. ಪಡಿತರ ಅಕ್ಕಿಗೆ ಬಂದಿರುವ ‘ಸಾರವರ್ಧಿತ’ ಕಬ್ಬಿಣಾಂಶ, ಜೀವಸತ್ವಗಳಿಗೆ ಸರಿ, ಇಲ್ಲಿ ಹೆಚ್ಚುವುದು ಆಹಾರದ ಸಾರವಲ್ಲ. ‘ಫ್ಲೋರೈಡೀಕೃತ’ ಮಕ್ಕಳ ನಾಲಿಗೆಗೆ ಹೊರಳದು. ಸದ್ಯಕ್ಕೆ ‘ಫ್ಲೋರೈಡ್ ಸೇರಿಸಿದ ಸಕ್ಕರೆ’ ಎಂದಿಟ್ಟಿದ್ದೇನೆ. ಉದ್ದವಾದರೂ ಸೇರಿಸಿದವರಿದ್ದಾರೆ ಎಂಬುದಾದರೂ ಕ್ರಿಯಾಪದದಿಂದ ತಿಳಿಯುತ್ತದೆ.

ರೋಗದ ಹೆಸರಿನದೂ ಸಣ್ಣ ತೊಡಕಲ್ಲ. ‘ದಂತಕ್ಷಯ’ ಎಂದರೆ ‘ಕ್ಷಯ’ದಿಂದಾಗಿ ಹಳ್ಳಿಯ ಹಿರಿಯರಿಗೆ ಟಿಬಿ ನೆನಪಾಗುತ್ತದೆ. ‘ಹುಳುಕು’ ಎಂದರೆ ಮೂಲದಲ್ಲಿರುವುದು ಹುಳು. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸಿ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗಿಸುತ್ತವೆ, ಫ್ಲೋರೈಡ್ ಆ ಎನಾಮಲ್ ಆಮ್ಲವನ್ನು ತಾಳಿಕೊಳ್ಳುವಂತೆ ಮಾಡುತ್ತದೆ ಎಂದು ವಿವರಿಸಿದ ಮೇಲೂ ಮಕ್ಕಳು ಅದನ್ನು ಹುಳದ ಔಷಧ ಎಂದುಕೊಳ್ಳಬಹುದು. ಆದರೂ ಒಬ್ಬರ ‘ಹುಳುಕು ಹೊರಬಿತ್ತು’ ಎನ್ನುವಾಗ ಯಾರೂ ಹುಳವನ್ನು ಹುಡುಕುವುದಿಲ್ಲವಾದ್ದರಿಂದ, ಈ ಪದವನ್ನೇ ಉಳಿಸಿಕೊಳ್ಳುವುದು ಸರಿಯೆಂದು ನನಗೆ ತೋರುತ್ತದೆ.

ಸ್ನೇಹಿತರೊಬ್ಬರು ‘ಫ್ಲೋರೈಡ್ ಊಡಿದ ಸಕ್ಕರೆ’ ಎಂದು ಸೂಚಿಸಿದ್ದಾರೆ. ಚೂರೇ ಚೂರು ವಸ್ತು ಎಲ್ಲೆಡೆ ಹಿಡಿದಿರುವುದಕ್ಕೆ ‘ಊಡು’ ಚೆನ್ನಾಗಿಯೇ ಒಪ್ಪುತ್ತದೆ, ಆದರೆ ‘ವಿಷವೂಡಿದ’ ಎಂಬ ಬಳಕೆ ಬೆನ್ನ ಹಿಂದೆಯೇ ನಿಂತಿದೆ. ವಿಷದ ನೆರಳಿಲ್ಲದೆ ‘ಊಡು’ ಇಂದಿಗೂ ಆಡುಮಾತಿನಲ್ಲಿ ಬಳಕೆಯಲ್ಲಿದ್ದರೆ, ಅದು ಯಾವ ಸೀಮೆಯಲ್ಲಿ, ಯಾವ ವಸ್ತುವಿನ ಜೊತೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.