ಹಸಿವು ತಗ್ಗಿಸೋ ಇಂಜೆಕ್ಷನ್‌ನಿಂದ ಫ್ಯಾಟಿ ಲಿವರ್ ಕಮ್ಮಿ ಆಗುತ್ತಾ?

ಕೇಳಿದ್ದು, ಶಹಾಪುರದಿಂದ: ನಮ್ಮ ಯಜಮಾನರಿಗೆ ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್ ಅಂತ ಬಂದಿದೆ. ಕುಡಿತ ಇಲ್ಲ, ತೂಕ ಮಾತ್ರ 90 ಕೆಜಿ. ಊಟ ಕಮ್ಮಿ ಮಾಡಿದರೆ ಹಸಿವು ತಡೆಯೋಕಾಗಲ್ಲ ಅನ್ನುತ್ತಾರೆ. ಇಂಜೆಕ್ಷನ್ ತಗೊಂಡವರಿದ್ದರೆ ದಯವಿಟ್ಟು ಹೇಳಿ.

ಕಲಬುರಗಿಯಿಂದ: ಅಕ್ಕಾರೆ, ನಮ್ಮ ಅಣ್ಣ ಡಾಕ್ಟರ್ ಹೇಳಿದಂತೆ ಸೆಮಾಗ್ಲುಟೈಡ್ ಅನ್ನೋ ಹಸಿವು ತಗ್ಗಿಸೋ ಇಂಜೆಕ್ಷನ್ ತಗೊಳ್ಳುತ್ತಿದ್ದಾರೆ. ಮೊದಲನೇದಾಗಿ, ಯಜಮಾನರ ಹಸಿವನ್ನ ನೆಪ ಅಂದುಕೊಳ್ಳಬೇಡಿ. ತೂಕ ಇಳಿಸಲು ಹೊರಟರೆ ಹೊಟ್ಟೆಯಿಂದ ಬರೋ ಗ್ರೆಲಿನ್ ಅನ್ನೋ ಹಾರ್ಮೋನ್ ಏರುತ್ತದೆ, ಹಸಿವು ಎಬ್ಬಿಸುತ್ತದೆ. ಊಟ ಆದ ಮೇಲೆ ಕರುಳು ಬಿಡೋ ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಇದಕ್ಕೆ ಉಲ್ಟಾ, ಸಾಕು ಅನ್ನಿಸುತ್ತದೆ. ಆದರೆ ಒಂದೆರಡು ನಿಮಿಷದಲ್ಲೇ ಅದು ರಕ್ತದಲ್ಲಿ ಒಡೆದು ಹೋಗುತ್ತದೆ. ಬೇಗ ಒಡೆಯದ ಹಾಗೆ ಮಾಡಿದ ಅದರದೇ ರೂಪ ಈ ಔಷಧ. ಹಾಗಾಗಿ ವಾರಕ್ಕೊಂದು ಚುಚ್ಚಿದರೆ ಸಾಕು.

ಅಣ್ಣನಿಗೆ 0.25 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನವಾಗಿ ಏರಿಸಿದರು. ಡೋಸ್ ಏರಿದ ವಾರ ಮಿರ್ಚಿ ಭಜಿ ತಿಂದು ರಾತ್ರಿಯೆಲ್ಲ ವಾಕರಿಕೆ. ಈಗ ಎಣ್ಣೆಗಾಯಿ ಜೊತೆ ಒಂದು ರೊಟ್ಟಿ ಮುಗಿಯೋದರೊಳಗೆ ತಾವೇ ಕೈ ತೊಳೆಯುತ್ತಾರೆ. ಮಲಬದ್ಧತೆ ಇದೆ. ನಮ್ಮ ಬಿಸಿಲಿಗೆ ನೀರು ಕಮ್ಮಿ ಕುಡಿದರೆ ಅದು ಇನ್ನೂ ಜಾಸ್ತಿ.

ಲಿವರ್ ವಿಷಯಕ್ಕೆ ಬಂದರೆ, ಗ್ರೇಡ್ 2 ಅನ್ನೋದು ಕೊಬ್ಬು ಎಷ್ಟಿದೆ ಅಂತ ಮಾತ್ರ ಹೇಳುತ್ತದೆ. ಲಿವರ್ ಗಟ್ಟಿಯಾಗಿದೆಯಾ ಅನ್ನೋದು ಮುಖ್ಯ. ವಯಸ್ಸು, ರಕ್ತ ಪರೀಕ್ಷೆಯಲ್ಲಿ ಬರೋ ಎಸ್‌ಜಿಒಟಿ, ಎಸ್‌ಜಿಪಿಟಿ (ಎರಡೂ ಲಿವರ್ ಕಿಣ್ವಗಳು), ಪ್ಲೇಟ್‌ಲೆಟ್ ಇಷ್ಟರಿಂದ ಫಿಬ್-4 ಅನ್ನೋ ಅಂಕ ಲೆಕ್ಕ ಹಾಕುತ್ತಾರೆ. 1.3ಕ್ಕಿಂತ ಕಮ್ಮಿ ಬಂದರೆ ಸಾಮಾನ್ಯವಾಗಿ ಗಾಬರಿ ಬೇಡ. ಜಾಸ್ತಿ ಬಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಫೈಬ್ರೋಸ್ಕ್ಯಾನ್. ಲಿವರ್ ಉರಿಯೂತದ ಜೊತೆ ಮಧ್ಯಮದಿಂದ ತೀವ್ರ ಫೈಬ್ರೋಸಿಸ್ (ಲಿವರ್‌ನಲ್ಲಿ ಗಾಯದ ಕಲೆ ಕಟ್ಟೋದು) ಇದ್ದು, ಅದು ಮಿತಿಮೀರಿದ ಹಂತವಾದ ಸಿರೋಸಿಸ್ ಇನ್ನೂ ಆಗದವರಿಗೆ ಈ ಔಷಧ ಕೊಡಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಆಗಸ್ಟ್‌ನಲ್ಲಿ ಒಪ್ಪಿತು. 72 ವಾರದ ಪ್ರಯೋಗದಲ್ಲಿ ಔಷಧ ತಗೊಂಡವರಲ್ಲಿ 100ಕ್ಕೆ ಸುಮಾರು 63 ಜನರ ಉರಿಯೂತ ಹೋಯಿತು. ಔಷಧವಿಲ್ಲದ ಇಂಜೆಕ್ಷನ್ ತಗೊಂಡವರಲ್ಲಿ 34. ಅಂದರೆ ಎಲ್ಲರಿಗೂ ಗ್ಯಾರಂಟಿ ಅಲ್ಲ.

ಬೀದರ್‌ನಿಂದ: ತಂಗಿ, ನಾನು ಇಂಜೆಕ್ಷನ್ ಇಲ್ಲದೆ ಇಳಿಸಿದವನು. ನಿಮ್ಮವರಿಗೆ ನಾಲ್ಕೂವರೆ ಕೆಜಿ ಇಳಿದರೂ ಲಿವರ್ ಕೊಬ್ಬು ಕರಗೋಕೆ ಶುರುವಾಗುತ್ತದೆ. ಒಂಬತ್ತು ಕೆಜಿ ಇಳಿದರೆ ಉರಿಯೂತವೂ ತಗ್ಗುವ ಸಾಧ್ಯತೆ ಜಾಸ್ತಿ. ನಾನು ಮೊದಲು ಬಿಟ್ಟಿದ್ದು ಕೂಲ್‌ಡ್ರಿಂಕ್ಸ್ ಮತ್ತು ಚಹಾದ ಸಕ್ಕರೆ. ರಾತ್ರಿ ಅನ್ನ ಬಿಟ್ಟು ಜೋಳದ ರೊಟ್ಟಿ, ಪುಂಡಿ ಪಲ್ಯ, ಗಟ್ಟಿ ತೊಗರಿಬೇಳೆ. ಬೇಳೆ ಜಾಸ್ತಿ ಇದ್ದ ದಿನ ಹಸಿವು ತಡವಾಗಿ ಬರುತ್ತಿತ್ತು. ಬೆಳಿಗ್ಗೆ ಕೋಟೆ ಕಡೆ ಬಿರುಸಿನ ನಡಿಗೆ. ಆದರೆ ಎಲ್ಲರಿಗೂ ಇಷ್ಟರಲ್ಲೇ ಆಗುತ್ತೆ ಅನ್ನಲ್ಲ. ಆಗದಿದ್ದರೆ ಔಷಧ ತಗೊಳ್ಳೋದರಲ್ಲಿ ನಾಚಿಕೆ ಏನಿದೆ?

ಕಲಬುರಗಿಯಿಂದ, ಮೆಡಿಕಲ್ ಶಾಪ್ ನಡೆಸುವವರು: ಚೀಟಿ ಇಲ್ಲದೆ ಕೇಳಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ, ನಾನು ಕೊಡಲ್ಲ. ಮನೆಯಲ್ಲಿ ಯಾರಿಗಾದರೂ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ, ಯಜಮಾನರಿಗೆ ಹಿಂದೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಅಥವಾ ಪಿತ್ತಕೋಶದ ಕಲ್ಲು ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಶುಗರ್‌ಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ನಡೀತಿದ್ದರೆ ಅದರ ಡೋಸ್ ತಗ್ಗಿಸಬೇಕಾಗಬಹುದು, ಇಲ್ಲದಿದ್ದರೆ ಶುಗರ್ ಇಳಿದು ತಲೆ ಸುತ್ತುತ್ತದೆ. ಇನ್ನೊಂದು, ಔಷಧ ನಿಲ್ಲಿಸಿದರೆ ಹಸಿವು ವಾಪಸ್ ಬರುತ್ತದೆ, ಬಹಳ ಜನರಿಗೆ ತೂಕವೂ ಏರುತ್ತದೆ. ಎಷ್ಟು ಕಾಲ ತಗೊಳ್ಳಬೇಕು, ತಿಂಗಳಿಗೆ ಎಷ್ಟು ಖರ್ಚು ಬೀಳುತ್ತೆ ಅಂತ ಮೊದಲ ಡೋಸ್‌ಗೆ ಮುಂಚೆಯೇ ಕೂತು ಕೇಳಿಕೊಳ್ಳಿ.