32-ಬಿಟ್ ಆಟಂ ನೆಟ್‌ಬುಕ್‌ಗಳಿಗೆ ಡೆಬಿಯನ್ 13 ಹಾಕಬಹುದೇ?

ಲ್ಯಾಬ್‌ಪಾಲಕ:
ಶಾಲೆಯ ಲ್ಯಾಬಿನಲ್ಲಿ 12 ನೆಟ್‌ಬುಕ್‌ಗಳಿವೆ. ಎಲ್ಲದರಲ್ಲೂ ಇಂಟೆಲ್ ಆಟಂ ಎನ್270, 1 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಸದ್ಯ ಡೆಬಿಯನ್ ಲಿನಕ್ಸ್ 12ರ (ಬುಕ್‌ವರ್ಮ್) ಐ386, ಅಂದರೆ 32-ಬಿಟ್ ಆವೃತ್ತಿ ಇದೆ. 13ಕ್ಕೆ (ಟ್ರಿಕ್ಸಿ) ಐ386 ಇನ್‌ಸ್ಟಾಲರ್ ಸಿಗುತ್ತಿಲ್ಲ, ಆದರೆ ರೆಪೊದಲ್ಲಿ (ಪ್ಯಾಕೇಜು ಭಂಡಾರದಲ್ಲಿ) ಐ386 ಪ್ಯಾಕೇಜುಗಳು ಕಾಣುತ್ತಿವೆ. ರೆಪೊ ವಿಳಾಸಗಳಿರುವ ಸೋರ್ಸಸ್ ಕಡತದಲ್ಲಿ ಬುಕ್‌ವರ್ಮ್ ಇದ್ದಲ್ಲೆಲ್ಲ ಟ್ರಿಕ್ಸಿ ಎಂದು ಬದಲಿಸಿ ಅಪ್‌ಗ್ರೇಡ್ ಕೊಟ್ಟರೆ ಏನಾಗುತ್ತದೆ? ಬಳಕೆ: ಕನ್ನಡ ಟೈಪಿಂಗ್, ಲಿಬ್ರೆಆಫೀಸ್, ಸ್ವಲ್ಪ ಪೈಥಾನ್, ಕನ್ನಡ ವಿಕಿಪೀಡಿಯ.

ಕರ್ನಲ್‌ಕಟ್ಟೆ:
ಬೇಡ. ಡೆಬಿಯನ್ 13ರ ಬಿಡುಗಡೆ ಟಿಪ್ಪಣಿಯಲ್ಲೇ ಐ386 ಯಂತ್ರಗಳನ್ನು ಅಪ್‌ಗ್ರೇಡ್ ಮಾಡಬೇಡಿ ಎಂದಿದೆ. ರೆಪೊದಲ್ಲಿರುವ ಆ ಪ್ಯಾಕೇಜುಗಳು ನಿಮ್ಮ ಯಂತ್ರಕ್ಕಲ್ಲ. 64-ಬಿಟ್ ಪ್ರೊಸೆಸರ್ ಮೇಲೆ ಹಳೆಯ 32-ಬಿಟ್ ತಂತ್ರಾಂಶ ಓಡಿಸುವವರಿಗೆ. ಅದಕ್ಕೇ ಕರ್ನಲ್ಲೂ (ವ್ಯವಸ್ಥೆಯ ತಿರುಳು) ಇಲ್ಲ, ಇನ್‌ಸ್ಟಾಲರೂ ಇಲ್ಲ.

ಕಷ್ಟ ಏನೆಂದರೆ, ಎನ್270ರಲ್ಲಿ ಅಪ್‌ಗ್ರೇಡ್ ಮೇಲ್ನೋಟಕ್ಕೆ ಸರಿಯಾಗಿಯೇ ಮುಗಿಯುತ್ತದೆ. ಟ್ರಿಕ್ಸಿಯ ಐ386ಗೆ ಎಸ್‌ಎಸ್‌ಇ2 ಎಂಬ ಪ್ರೊಸೆಸರ್ ಆದೇಶಗಳ ಗುಂಪು ಕಡ್ಡಾಯ, ಅದು ಎನ್270ರಲ್ಲಿ ಇದೆ. ಪೆಂಟಿಯಂ 3 ಅಥವಾ ಅಥ್ಲಾನ್ ಎಕ್ಸ್‌ಪಿ ಆಗಿದ್ದರೆ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಎಂದು ಅರ್ಧದಲ್ಲೇ ಬಿದ್ದಿರುತ್ತಿತ್ತು, ಆಗಲಾದರೂ ಗೊತ್ತಾಗುತ್ತಿತ್ತು. ನಿಮ್ಮಲ್ಲಿ ಉಳಿದದ್ದೆಲ್ಲ ಹೊಸದಾಗಿ, ಕರ್ನಲ್ ಮಾತ್ರ ಹಳೆಯ 6.1ರಲ್ಲೇ ನಿಂತುಬಿಡುತ್ತದೆ, ಮತ್ತು ಪ್ಯಾಕೇಜು ಹಾಕುವ ಆಪ್ಟ್ ಅದರ ಬಗ್ಗೆ ಚಕಾರ ಎತ್ತುವುದಿಲ್ಲ. ಬುಕ್‌ವರ್ಮ್‌ನ ಸೆಕ್ಯುರಿಟಿ ಸಾಲನ್ನು ಉಳಿಸಿಕೊಂಡರೆ 6.1ಕ್ಕೆ ತೇಪೆ ಬರುತ್ತದೆ ನಿಜ. ಆದರೆ ಬುಕ್‌ವರ್ಮ್ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) 2028ರ ಜೂನ್ 30ಕ್ಕೆ ಮುಗಿಯುತ್ತದೆ. ಹಾಗಿದ್ದಮೇಲೆ 12ರಲ್ಲೇ ಇರುವುದಕ್ಕೇನು?

ಮೊದಲು ಹನ್ನೆರಡರಲ್ಲೂ ಎಲ್‌ಎಸ್‌ಸಿಪಿಯು ಆದೇಶ ಕೊಟ್ಟು, ಪ್ರೊಸೆಸರ್ ಎಷ್ಟು ಬಿಟ್ ಎಂದು ಹೇಳುವ ಆಪ್-ಮೋಡ್ ಸಾಲು ನೋಡಿ. ಹೊರಗಿನ ಕವಚ ಒಂದೇ ಥರ ಇದ್ದರೂ ಒಳಗೆ ಎನ್450 ಅಥವಾ ಎನ್455 ಇರಬಹುದು. ಅವು 64-ಬಿಟ್, ಅವಕ್ಕೆ ಎಎಂಡಿ64 ಆವೃತ್ತಿಯನ್ನು ಹೊಸದಾಗಿ ಹಾಕಿ. ಇದ್ದ ಜಾಗದಲ್ಲೇ 32ರಿಂದ 64-ಬಿಟ್‌ಗೆ ಬದಲಿಸುವ ಕ್ರಾಸ್‌ಗ್ರೇಡ್ ಸಾಹಸ ಬೇಡ.

ಲ್ಯಾಬ್‌ಪಾಲಕ:
ನೋಡಿದೆ, ಎಲ್ಲವೂ 32-ಬಿಟ್ ಮಾತ್ರ. ಲಿನಕ್ಸ್ ಕರ್ನಲ್ ಇನ್ನೂ 32-ಬಿಟ್‌ಗೆ ಕಂಪೈಲ್ ಆಗುತ್ತದೆಯಲ್ಲ, ಹಾಗಿದ್ದರೆ ಡೆಬಿಯನ್ ಕೈಬಿಟ್ಟದ್ದು ಏಕೆ? ನಾವೇ ಕಂಪೈಲ್ ಮಾಡಿಕೊಂಡರೆ?

ಕರ್ನಲ್‌ಕಟ್ಟೆ:
ಕಂಪೈಲ್ ಆಗುವುದು ಬೇರೆ, ನೋಡಿಕೊಳ್ಳುವುದು ಬೇರೆ. ಪ್ರೊಸೆಸರ್‌ಗಳ ಭದ್ರತಾ ದೋಷ ಮೆಲ್ಟ್‌ಡೌನ್‌ನ ಉದಾಹರಣೆ ತೆಗೆದುಕೊಳ್ಳಿ: 64-ಬಿಟ್‌ಗೆ ಪೇಜ್ ಟೇಬಲ್ (ಮೆಮೊರಿಯ ನಕ್ಷೆ) ಬೇರ್ಪಡಿಸುವ ತೇಪೆ ಕರ್ನಲ್ 4.15ರಲ್ಲಿ, 2018ರ ಜನವರಿಯಲ್ಲಿ ಬಂತು. 32-ಬಿಟ್‌ಗೆ ಬಂದದ್ದು 4.19ರಲ್ಲಿ, ಅದೇ ವರ್ಷದ ಅಕ್ಟೋಬರಿನಲ್ಲಿ. ಕೆಲಸ ಮಾಡುವ ಕೈಗಳು ಅಷ್ಟು ಕಡಿಮೆ. (ಎನ್270 ಆದೇಶಗಳನ್ನು ಕ್ರಮವಾಗಿಯೇ ನಡೆಸುವ ಚಿಪ್ ಆದ್ದರಿಂದ ಮೆಲ್ಟ್‌ಡೌನ್ ಅದಕ್ಕೆ ತಟ್ಟುವುದಿಲ್ಲ, ಆ ಮಾತು ಬೇರೆ.)

ಇನ್ನೊಂದು ತೊಡಕು ಮೆಮೊರಿ ವಿಳಾಸದ ಮಿತಿ. 32-ಬಿಟ್ ಪ್ರೊಸೆಸ್‌ಗೆ ಹೆಚ್ಚೆಂದರೆ 4 ಜಿಬಿ. ಕಂಪೈಲ್ ಆದ ದೊಡ್ಡ ಬ್ರೌಸರ್ ಒಂದರ ತುಣುಕುಗಳನ್ನು ಲಿಂಕ್ ಮಾಡುವಾಗ (ಜೋಡಿಸುವಾಗ) ಲಿಂಕರ್ ಅದನ್ನು ದಾಟಿಬಿಡುತ್ತದೆ. ಬಿಲ್ಡ್ ಯಂತ್ರಕ್ಕೆ 64 ಜಿಬಿ ರ‍್ಯಾಮ್ ಹಾಕಿದರೂ ಪ್ರಯೋಜನವಿಲ್ಲ. ಎಕ್ಸ್87 ಗಣಿತ ಘಟಕ 80 ಬಿಟ್‌ನಲ್ಲಿ ಲೆಕ್ಕ ಮಾಡುವುದರಿಂದ ದಶಮಾಂಶದ ಕೊನೆಯ ಅಂಕಿ ಬದಲಾಗಿ ಪರೀಕ್ಷೆಗಳು ಬೀಳುತ್ತವೆ, ಪ್ರತಿ ಪ್ಯಾಕೇಜಿನಲ್ಲೂ ಯಾರಾದರೂ ಅದನ್ನು ಕೂತು ಸರಿಪಡಿಸಬೇಕು. ಎಸ್‌ಎಸ್‌ಇ2 ಕಡ್ಡಾಯ ಮಾಡಿದ್ದರಿಂದ ಈ ತಲೆನೋವು ಬಹಳ ಇಳಿಯಿತು.

ಕರ್ನಲ್ ನೀವೇ ಕಟ್ಟುವುದಾದರೆ ನೆಟ್‌ಬುಕ್ ಮೇಲೆ ಕಟ್ಟಬೇಡಿ. 64-ಬಿಟ್ ಡೆಸ್ಕ್‌ಟಾಪಿನಲ್ಲಿ ಐ386ರ ಕ್ರಾಸ್‌ಬಿಲ್ಡ್ ಎಸೆನ್ಶಿಯಲ್ ಪ್ಯಾಕೇಜ್ ಹಾಕಿ. ನೆಟ್‌ಬುಕ್‌ನ ಎಲ್‌ಎಸ್‌ಮಾಡ್ ಫಲಿತಾಂಶವನ್ನು (ಲೋಡ್ ಆದ ಡ್ರೈವರ್‌ಗಳ ಪಟ್ಟಿ) ಕಡತಕ್ಕಿಳಿಸಿ ತಂದು, ಆರ್ಕ್ ಐ386 ಎಂದು ಕೊಟ್ಟು ಆ ಪಟ್ಟಿಯಂತೆ ಕಾನ್ಫಿಗ್ ಮಾಡುವ ಲೋಕಲ್‌ಮಾಡ್‌ಕಾನ್ಫಿಗ್ ಓಡಿಸಿ, ಆಮೇಲೆ ಡೆಬಿಯನ್ ಪ್ಯಾಕೇಜು ಕಟ್ಟುವ ಬಿನ್‌ಡೆಬ್-ಪಿಕೆಜಿ. ಹೆಚ್ಚಿನವರು ಎಡವುವುದು ಎಲ್‌ಎಸ್‌ಮಾಡ್ ಹಂತದಲ್ಲಿ: ಆ ಹೊತ್ತಿಗೆ ಲೋಡ್ ಆಗಿರದ ಡ್ರೈವರ್‌ಗಳೆಲ್ಲ ಕಾನ್ಫಿಗ್‌ನಿಂದ ಹೊರಬೀಳುತ್ತವೆ. ಪೆನ್ ಡ್ರೈವ್, ಪ್ರಿಂಟರ್, ವೆಬ್‌ಕ್ಯಾಮ್ ಎಲ್ಲವನ್ನೂ ಮೊದಲೇ ಚುಚ್ಚಿಟ್ಟಿರಿ. ಪ್ರತಿ ಭದ್ರತಾ ತೇಪೆಗೂ ಇದೆಲ್ಲ ಮತ್ತೆ ಮಾಡಬೇಕು. ಒಂದು ಯಂತ್ರಕ್ಕೆ ಹವ್ಯಾಸ. ಶಾಲೆಗೆ ನಾನಂತೂ ಹೇಳುವುದಿಲ್ಲ.

ಒತ್ತಕ್ಷರ:
12ರಲ್ಲೇ ಇದ್ದುಕೊಂಡು ಯಂತ್ರವನ್ನು ಹಗುರ ಮಾಡಿ. ಎನ್270 ಜೊತೆ ಬರುವ 945ಜಿಎಸ್‌ಇ ಚಿಪ್‌ಸೆಟ್ 2 ಜಿಬಿ ತನಕ ತೆಗೆದುಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಬೇಕಾದದ್ದು 200 ಪಿನ್ ಲ್ಯಾಪ್‌ಟಾಪ್ ಡಿಡಿಆರ್2. ಅಂಗಡಿಯಲ್ಲಿ ಡಿಡಿಆರ್3 ಕೊಟ್ಟರೆ ಕಚ್ಚೇ ಹೊಂದುವುದಿಲ್ಲ. ಸಾಟಾ ಡಿಸ್ಕ್ ಇದ್ದರೆ ಚಿಕ್ಕ ಎಸ್‌ಎಸ್‌ಡಿ ಹಾಕಿ. ಜೊತೆಗೆ ಜಡ್‌ರ‍್ಯಾಮ್-ಟೂಲ್ಸ್ ಪ್ಯಾಕೇಜ್ (ಮೆಮೊರಿಯಲ್ಲಿನ ದತ್ತಾಂಶವನ್ನು ಸಂಕುಚಿಸಿ ಜಾಗ ಉಳಿಸುತ್ತದೆ), ಗಾತ್ರ ಮೆಮೊರಿಯ ಶೇಕಡಾ 50, ಸಂಕುಚನ ಆಲ್ಗಾರಿದಂ ಎಲ್‌ಜಡ್4. ಜಡ್‌ಎಸ್‌ಟಿಡಿ ಹೆಚ್ಚು ಸಂಕುಚಿಸುತ್ತದೆ, ಆದರೆ ಈ ಪ್ರೊಸೆಸರ್‌ಗೆ ಅದು ಭಾರ.

ಬ್ರೌಸರ್ ವಿಷಯ. ಹಗುರ ಎಂದು ಡಿಲ್ಲೊ ಹಾಕಬೇಡಿ: ಅಕ್ಷರ ಜೋಡಣೆ ಅದರಲ್ಲಿ ಆಗುವುದಿಲ್ಲ, ಒತ್ತಕ್ಷರಗಳು ಒಡೆದು ವಿಕಿಪೀಡಿಯ ಓದಲಾಗದಂತೆ ಬರುತ್ತದೆ. ನೆಟ್‌ಸರ್ಫ್‌ನ ಜಿಟಿಕೆ ಆವೃತ್ತಿ ಅಕ್ಷರ ಜೋಡಿಸುವ ಪ್ಯಾಂಗೊ ಲೈಬ್ರರಿ ಬಳಸುವುದರಿಂದ ಕನ್ನಡ ಸರಿಯಾಗಿ ಮೂಡುತ್ತದೆ. ಫಾಂಟ್‌ಗಳಿಗೆ ಗುಬ್ಬಿ, ನವಿಲು ಎರಡೂ ರೆಪೊದಲ್ಲೇ ಇವೆ.

ಕರಾವಳಿ_ಬಿಎಸ್‌ಡಿ:
ಇನ್ನೆರಡು ದಾರಿ. ಆಲ್ಪೈನ್ ಲಿನಕ್ಸ್‌ಗೆ ಎಕ್ಸ್86 ಆವೃತ್ತಿ ಇದೆ, ಮತ್ತು 3.13ರಿಂದ ಮಸಲ್ (ಅದರ ಸಿ ಲೈಬ್ರರಿ) 1.2 ಬಂದ ಮೇಲೆ 32-ಬಿಟ್‌ನಲ್ಲೂ ಸಮಯದ ಲೆಕ್ಕ 64 ಬಿಟ್. ಡೆಬಿಯನ್ 13 ಆರ್ಮ್‌ನ 32-ಬಿಟ್ ಆವೃತ್ತಿಗಳಿಗೆ ಈ ಬದಲಾವಣೆ ಮಾಡಿ, ಐ386ಗೆ ಬೇಕೆಂದೇ ಬಿಟ್ಟಿತು. ಮಾಡಿದ್ದರೆ ಹಳೆಯ ಬೈನರಿಗಳು ಮುರಿಯುತ್ತಿದ್ದವು. ಅಂದರೆ 32 ಬಿಟ್‌ನ ಸಮಯದ ಲೆಕ್ಕ ಮುಗಿದುಹೋಗುವ 2038ರ ಜನವರಿ 19 ದಾಟುವ ಯೋಚನೆಯೇ ಆ ಆವೃತ್ತಿಗೆ ಇಲ್ಲ. ಲಿನಕ್ಸ್ ಅಲ್ಲದ ನೆಟ್‌ಬಿಎಸ್‌ಡಿ 10 ಕೂಡ ಐ386ಗೆ ಇದೆ. ಫ್ರೀಬಿಎಸ್‌ಡಿಯತ್ತ ಹೋಗಬೇಡಿ, 15ರಲ್ಲಿ ಐ386 ಕರ್ನಲ್ ತೆಗೆದಿದ್ದಾರೆ.

ಒತ್ತಕ್ಷರ:
ಮಸಲ್ ಮೇಲೆ, ಡೆಬಿಯನ್ ಬಳಸುವ ಸಿ ಲೈಬ್ರರಿಯಾದ ಗ್ಲಿಬ್‌ಸಿಗೆಂದು ಕಟ್ಟಿದ ಬೈನರಿಗಳು ಓಡುವುದಿಲ್ಲ. ಪ್ರಿಂಟರ್ ಕಂಪನಿಯ ಡ್ರೈವರ್ ಇದ್ದರೆ ಮೊದಲು ಒಂದೇ ಯಂತ್ರದಲ್ಲಿ ಪರೀಕ್ಷಿಸಿ.

ನನ್ನನ್ನು ಕೇಳಿದರೆ ಒಂದು 64-ಬಿಟ್ ಯಂತ್ರ, 32 ಜಿಬಿ ರ‍್ಯಾಮ್, ಅದರಲ್ಲಿ ಡೆಬಿಯನ್ 13 ಮತ್ತು ಅದರ ಪರದೆಯನ್ನು ದೂರದಿಂದ ಬಳಸಲು ಬಿಡುವ ಎಕ್ಸ್‌ಆರ್‌ಡಿಪಿ. ನೆಟ್‌ಬುಕ್‌ಗಳಲ್ಲಿ ಅದಕ್ಕೆ ಸಂಪರ್ಕಿಸುವ ಫ್ರೀಆರ್‌ಡಿಪಿ ಮಾತ್ರ, ವೈಫೈ ಬಿಟ್ಟು ಕೇಬಲ್‌ನಲ್ಲಿ. ವಿಡಿಯೊ ತಡವರಿಸುತ್ತದೆ, ಲಿಬ್ರೆಆಫೀಸ್ ಮತ್ತು ಪೈಥಾನ್‌ಗೆ ಏನೂ ತೊಂದರೆಯಿಲ್ಲ. ಕನ್ನಡ ಟೈಪಿಂಗ್‌ಗೆ ಐಬಸ್-ಎಂ17ಎನ್ ಅನ್ನು ಸರ್ವರ್ ಸೆಷನ್ನಿನಲ್ಲಿ ಹಾಕಿ, ಕೆಜಿಪಿ ಕೀಲಿಮಣೆ ವಿನ್ಯಾಸ ಆರಿಸಿ. ಆರ್‌ಡಿಪಿ ಕೀಲಿಯ ಸಂಕೇತವನ್ನಷ್ಟೇ ಕಳಿಸುವುದರಿಂದ, ನೆಟ್‌ಬುಕ್‌ನಲ್ಲಿ ಹಾಕಿದರೆ ಪರದೆ ಮೇಲೆ ಇಂಗ್ಲಿಷ್ ಅಕ್ಷರಗಳೇ ಬೀಳುತ್ತವೆ.