ಜೆಸಿಬಿ ರೂಢನಾಮವೋ, ಅಂಕಿತನಾಮವೋ?

ಪದಚರ್ಚೆಯ ಎಲ್ಲ ಸದಸ್ಯರಿಗೂ ನಮಸ್ಕಾರ.

ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ಕಳೆದ ವಾರ ತನ್ನ ಕನ್ನಡ ಕಿರುಪರೀಕ್ಷೆಯ ಉತ್ತರಪತ್ರಿಕೆಯನ್ನು ತಂದು ನನ್ನ ಮುಂದೆ ಹರಡಿದಳು. ರೂಢನಾಮಕ್ಕೆ ಮೂರು ಉದಾಹರಣೆ ಕೊಡಿ ಎಂಬ ಪ್ರಶ್ನೆಗೆ ಅವಳು 'ನದಿ, ಪರ್ವತ, ಜೆಸಿಬಿ' ಎಂದು ಉತ್ತರಿಸಿದ್ದಳು. ಮೂರನೆಯ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ಅಂಕಿತನಾಮ' ಎಂದು ಬರೆದು, ಅರ್ಧ ಅಂಕ ಕಳೆಯಲಾಗಿತ್ತು. "ಮಾಮ, ಊರಿನಲ್ಲಿ ಹಳದಿ ಬಣ್ಣದ ಆ ಗಾಡಿಗೆ ಬೇರೆ ಹೆಸರು ಯಾರಾದರೂ ಹೇಳ್ತಾರಾ?" ಎಂದು ಅವಳು ಕೇಳಿದಳು. ಹೇಳುವುದಿಲ್ಲ ಎಂದು ನಾನು ಒಪ್ಪಿಕೊಂಡೆ. ಆದರೆ ಶಿಕ್ಷಕರು ತಪ್ಪು ಮಾಡಿದ್ದಾರೆ ಎನ್ನುವ ಧೈರ್ಯವೂ ನನಗೆ ಬರಲಿಲ್ಲವಾದ್ದರಿಂದ, ಆ ಅರ್ಧ ಅಂಕದ ಮೊಕದ್ದಮೆಯನ್ನು ತಮ್ಮೆಲ್ಲರ ಮುಂದೆ ತಂದಿದ್ದೇನೆ.

ಹೈಸ್ಕೂಲು ವ್ಯಾಕರಣದ ಲಕ್ಷಣವನ್ನೇ ಮೊದಲು ನೋಡೋಣ. ರೂಢಿಯಿಂದ ಬಂದ ಹೆಸರು ರೂಢನಾಮ. ವ್ಯವಹಾರದ ಅನುಕೂಲಕ್ಕಾಗಿ ಇಟ್ಟುಕೊಂಡ ಹೆಸರು ಅಂಕಿತನಾಮ. ರೂಪ, ಗುಣ, ವೃತ್ತಿಗಳನ್ನು ಹಿಡಿದು ಬಂದದ್ದು ಅನ್ವರ್ಥನಾಮ. ಈ ಮಾತುಗಳನ್ನು ಅಕ್ಷರಶಃ ತೆಗೆದುಕೊಂಡರೆ ನಮ್ಮ ಹುಡುಗಿಯೂ ಗೆಲ್ಲುತ್ತಾಳೆ, ಶಿಕ್ಷಕರೂ ಗೆಲ್ಲುತ್ತಾರೆ. 'ಜೆಸಿಬಿ' ಎಂಬುದು ರೂಢಿಯಿಂದ ಬಂದದ್ದೆಂಬುದಕ್ಕೆ ರಸ್ತೆಯಲ್ಲಿ ಹೋಗುವ ಯಾರೂ ಸಾಕ್ಷಿ ನುಡಿದಾರು; ಅದು ವ್ಯವಹಾರಕ್ಕಾಗಿ, ಅಂದರೆ ಅಪ್ಪಟ ವ್ಯಾಪಾರಕ್ಕಾಗಿಯೇ, ಇಟ್ಟ ಹೆಸರೆಂಬುದಕ್ಕೆ ಆ ಯಂತ್ರದ ತೋಳಿನ ಮೇಲಿರುವ ಮೂರು ಇಂಗ್ಲಿಷ್ ಅಕ್ಷರಗಳೇ ಸಾಕ್ಷಿ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಪ್ರಾಂತ್ಯದಲ್ಲಿ 1945ರಲ್ಲಿ ಕಂಪನಿ ಕಟ್ಟಿದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಎಂಬುವರ ಹೆಸರಿನ ಮೊದಲಕ್ಷರಗಳು ಅವು. ಹಾಗಾದರೆ ಮೂಲದಲ್ಲಿ ಅದು ಒಬ್ಬ ಮನುಷ್ಯನ ಅಂಕಿತನಾಮ, ಆಮೇಲೆ ಕಂಪನಿಯ ಅಂಕಿತನಾಮ, ಈಗ ನಮ್ಮೂರ ಚರಂಡಿ ತೋಡುವ ಯಂತ್ರದ ರೂಢನಾಮ. ರಾಜಕಾರಣಿಗಳ ಮೇಲೆ 'ಜೆಸಿಬಿಯಿಂದ ಹೂಮಳೆ' ಎಂದು ಪತ್ರಿಕೆಗಳು ಬರೆಯುವಾಗ ಯಂತ್ರ ಯಾವ ಕಂಪನಿಯದೆಂದು ವರದಿಗಾರರು ವಿಚಾರಿಸಿಕೊಂಡು ಬರುವುದಿಲ್ಲ ಎಂದು ಭಾವಿಸಿದ್ದೇನೆ.

ಈ ವಿಷಯದಲ್ಲಿ ನನ್ನ ಕಣ್ಣೆದುರೇ ನಡೆದ ಒಂದು ಪ್ರಸಂಗವನ್ನು ಹೇಳಲೇಬೇಕು. ಎರಡು ವರ್ಷಗಳ ಹಿಂದೆ ನಮ್ಮ ಸೈಟಿನಲ್ಲಿ ಪಾಯ ತೆಗೆಸುವಾಗ ನಾಲ್ಕಡಿ ಆಳಕ್ಕೆ ಬಂಡೆ ಸಿಕ್ಕಿತು. ಮೇಸ್ತ್ರಿ ಹಣೆ ಒರೆಸಿಕೊಂಡು, "ಇದು ಜೆಸಿಬಿ ಕೈಲಿ ಆಗೋ ಕೆಲಸ ಅಲ್ಲ ಸಾರ್, ಹಿಟಾಚಿ ತರಿಸಬೇಕು" ಎಂದ. ಟೈರಿನ ಮೇಲೆ ಓಡುವುದು, ಮುಂದೆ ಅಗಲವಾದ ಬಕೆಟ್ಟೂ ಹಿಂದೆ ಅಗೆಯುವ ತೋಳೂ ಇರುವುದು ಜೆಸಿಬಿ. ಟ್ಯಾಂಕಿನ ಹಾಗೆ ಚೈನಿನ ಮೇಲೆ ಉರುಳುತ್ತ ಇಡೀ ಮೈಯನ್ನೇ ತಿರುಗಿಸುವುದು ಹಿಟಾಚಿ. ಇದು ನಮ್ಮ ಕಡೆಯ ಕಟ್ಟಡದವರ ಖಚಿತವಾದ ವರ್ಗೀಕರಣ. ಮರುದಿನ ಬೆಳಿಗ್ಗೆ ಲಾರಿಯ ಮೇಲೆ ಕೂತು ಹಿಟಾಚಿ ಬಂದಿತು. ಅದರ ತೋಳಿನ ಮೇಲೆ ದಪ್ಪ ಅಕ್ಷರಗಳಲ್ಲಿ 'ಜೆಸಿಬಿ' ಎಂದು ಬರೆದಿತ್ತು. ಆ ಕಂಪನಿ ಚೈನಿನ ಯಂತ್ರಗಳನ್ನೂ ಮಾಡುತ್ತದೆ ಎಂಬುದು ನನಗೆ ಹೊಳೆದದ್ದು ಆಗಲೇ. ನಾನು ಮೇಸ್ತ್ರಿಗೆ ಅದನ್ನು ತೋರಿಸಿದೆ. ಅವನು ಓದಿ, ತಲೆಯಾಡಿಸಿ, "ಹೌದು ಸಾರ್, ಜೆಸಿಬಿಯೋರ ಹಿಟಾಚಿ. ಚೆನ್ನಾಗಿರುತ್ತೆ" ಎಂದು ಕೆಲಸಕ್ಕೆ ಹೋದ. ಜಪಾನಿನ ಒಂದು ಊರಿನ ಹೆಸರು ಕಂಪನಿಯ ಹೆಸರಾಗಿ, ಆ ಕಂಪನಿ ಟಾಟಾದವರ ಜೊತೆ ಸೇರಿ ಧಾರವಾಡದಲ್ಲಿ ಕಾರ್ಖಾನೆ ಇಟ್ಟು, ಕೊನೆಗೆ ಅದರ ಹೆಸರು ಪ್ರತಿಸ್ಪರ್ಧಿಯ ಯಂತ್ರಕ್ಕೇ ಅಂಟಿಕೊಂಡ ಈ ಪರಿಯನ್ನು ಕಂಡ ಮೇಲೆ, ರೂಢನಾಮಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕೆನ್ನುವವರ ಜೊತೆ ನಾನು ವಾದಿಸಲಾರೆ.

ಬಳಕೆಯಲ್ಲಿ ಇದನ್ನು ಪರೀಕ್ಷಿಸಲು ನನಗೆ ತೋಚಿದ ಸುಲಭವಾದ ಒರೆಗಲ್ಲೆಂದರೆ 'ಯಾವ' ಎಂಬ ಪ್ರಶ್ನೆ. ಬಸ್ ನಿಲ್ದಾಣದ ಅಂಗಡಿಯಲ್ಲಿ "ಒಂದು ಬಿಸ್ಲೇರಿ ಕೊಡಿ" ಎಂದರೆ ಅಂಗಡಿಯವರು "ಯಾವುದು ಕೊಡಲಿ, ತಣ್ಣಗಿರೋದಾ?" ಎನ್ನುತ್ತ, ನಾವು ಎಂದೂ ಕೇಳಿರದ ಹೆಸರಿನ ಬಾಟಲಿಯೊಂದನ್ನು ಎತ್ತಿ ಕೊಡುತ್ತಾರೆ, ನಾವು ಕೂಡ ಮರುಮಾತಿಲ್ಲದೆ ತೆಗೆದುಕೊಳ್ಳುತ್ತೇವೆ. ಇಟಲಿಯ ಫೆಲಿಚೆ ಬಿಸ್ಲೇರಿ ಎಂಬುವರು ಸಿಂಕೋನ ತೊಗಟೆ ಮತ್ತು ಕಬ್ಬಿಣದ ಅಂಶ ಸೇರಿಸಿ ಮಾಡುತ್ತಿದ್ದ ಟಾನಿಕ್ಕಿನ ಹೆಸರು ನಮ್ಮಲ್ಲಿ ಕೇವಲ ನೀರಾಯಿತು. ಆದರೆ "ಒಂದು ಮೈಸೂರು ಸ್ಯಾಂಡಲ್ ಕೊಡಿ" ಎಂದು ಕೇಳಿದವರಿಗೆ ಬೇರೆ ಸೋಪು ಕೊಟ್ಟು ನೋಡಿ. ನನ್ನ ತಾಯಿಯಂತೂ ಅಂಗಡಿಯವರ ಎದುರೇ ಪೊಟ್ಟಣವನ್ನು ಮೂಸಿ ಹಿಂದಕ್ಕೆ ತಳ್ಳುತ್ತಾರೆ. ನೂರು ವರ್ಷ ದಾಟಿದ, ಕನ್ನಡಿಗರ ಬಚ್ಚಲುಮನೆಯಲ್ಲಿ ಇಷ್ಟು ಆಳವಾಗಿ ಬೇರೂರಿದ ಹೆಸರು ಎಂದೂ 'ಸೋಪು' ಎಂಬ ಅರ್ಥ ಪಡೆಯಲಿಲ್ಲ. 'ನಂದಿನಿ' ಕೂಡ ಹಾಗೆಯೇ: ಮನೆಮನೆಗೂ ಬರುವ ಹಾಲಾದರೂ ಸಾಮಾನ್ಯ ಅರ್ಥಕ್ಕೆ ನಾವು ಬಳಸುವುದು 'ಪ್ಯಾಕೆಟ್ ಹಾಲು' ಎಂಬ ಮಾತನ್ನು. ಹಾಗಾಗಿ ಹೆಸರುವಾಸಿಯಾಗುವುದು ಬೇರೆ, ರೂಢಿಗೆ ಇಳಿಯುವುದು ಬೇರೆ. ಹೊಸ ವಸ್ತುವಿನ ಜೊತೆಗೆ ಅದರ ಮೊದಲ ಹೆಸರಾಗಿ ಬಂದವು ರೂಢಿಗಿಳಿಯುತ್ತವೆ. ಮೊದಲೇ ಕನ್ನಡದ ಹೆಸರಿರುವ ವಸ್ತುವಿಗೆ ಅಂಟಿಕೊಂಡು ಬಂದವು ಎಷ್ಟೇ ಪ್ರೀತಿ ಗಳಿಸಿದರೂ ಅಂಕಿತನಾಮಗಳಾಗಿಯೇ ಉಳಿಯುತ್ತವೆ ಎಂಬುದು ನನ್ನ ಊಹೆ. ಇದಕ್ಕೆ ವಿರುದ್ಧವಾದ ಉದಾಹರಣೆ ಯಾರಿಗಾದರೂ ಗೊತ್ತಿದ್ದರೆ ಸಂತೋಷದಿಂದ ತಿದ್ದಿಕೊಳ್ಳುತ್ತೇನೆ.

'ಜೆರಾಕ್ಸ್' ಪದದ ಬಗ್ಗೆ ನನಗೆ ಸಣ್ಣದೊಂದು ಕೊರಗಿದೆ. ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಕಂಡುಹಿಡಿದ ಈ ವಿಧಾನಕ್ಕೆ 'ಒಣ' ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರು ಬಂದಿತು, ಏಕೆಂದರೆ ಅದರಲ್ಲಿ ದ್ರವರೂಪದ ರಾಸಾಯನಿಕಗಳ ಗೊಡವೆ ಇರಲಿಲ್ಲ. ಕನ್ನಡದಲ್ಲಿ ಇದಕ್ಕೆ 'ನೆರಳಚ್ಚು' ಎಂಬ ಚೆಂದದ ಪದವನ್ನು ಟಂಕಿಸಿದರು, ಅದು ಕಚೇರಿಯ ಕಾಗದಪತ್ರಗಳಲ್ಲಿ ಈಗಲೂ ಉಸಿರಾಡುತ್ತಿದೆ. ಆದರೆ ತಾಲ್ಲೂಕು ಕಚೇರಿಯ ಎದುರಿನ ಅಂಗಡಿಯಲ್ಲಿ 'ನೆರಳಚ್ಚು ಮಾಡಿಕೊಡಿ' ಎಂದರೆ, ಪಾಪ, ಆ ಹುಡುಗ ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಯಲು ಎದ್ದುನಿಂತಾನು. ನನ್ನ ಕೊರಗು ನೆರಳಚ್ಚಿನದಲ್ಲ, 'ಪಡಿಯಚ್ಚಿ'ನದು. ತದ್ರೂಪಕ್ಕೆ ನಮ್ಮಲ್ಲಿ ಮೊದಲಿನಿಂದಲೂ ಈ ಪದವಿತ್ತು. "ಹುಡುಗ ಅವರಪ್ಪನ ಪಡಿಯಚ್ಚು" ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಯಂತ್ರ ಬಂದಾಗ ಆ ಪದವನ್ನು ಅದಕ್ಕೆ ಕೊಡಬಹುದಾಗಿತ್ತು, ಯಾರಿಗೂ ಹೊಳೆಯಲಿಲ್ಲ. ಈಗ ಆಗಿರುವುದು ಅದರ ತಿರುವುಮುರುವು: "ಮಗ ಥೇಟ್ ಅಪ್ಪನ ಜೆರಾಕ್ಸ್" ಎಂದು ಮನುಷ್ಯರ ಹೋಲಿಕೆಗೂ ಯಂತ್ರದ ಹೆಸರನ್ನೇ ಎರವಲು ತಂದು, ಪಡಿಯಚ್ಚನ್ನು ಅಟ್ಟಕ್ಕೆ ಹಾಕಿದ್ದೇವೆ. 'ಒರಿಜಿನಲ್ ಜೆರಾಕ್ಸ್ ತನ್ನಿ' ಎಂದು ಕೇಳುವ ಗುಮಾಸ್ತರನ್ನೂ ನಾನು ಕಂಡಿದ್ದೇನೆ. ಅದರ ಅರ್ಥವನ್ನು ಬಿಡಿಸುವ ಕೆಲಸವನ್ನು ನನಗಿಂತ ಬಲ್ಲವರಿಗೆ ಬಿಡುತ್ತೇನೆ.

ಅರ್ಥವಿಸ್ತಾರದ ದೃಷ್ಟಿಯಿಂದ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಡಾಲ್ಡಾ. ನಾಲಿಗೆಗಲ್ಲ, ನಿಘಂಟಿಗೆ. ಹಾಲೆಂಡಿನಿಂದ ಈ ಗಟ್ಟಿ ಎಣ್ಣೆಯನ್ನು ತರುತ್ತಿದ್ದವರ ಹೆಸರು 'ಡಾಡಾ' ಎಂದಿದ್ದು, ಅದರ ನಡುವೆ ಲೀವರ್ ಕಂಪನಿಯ 'ಲ್' ಸೇರಿ 'ಡಾಲ್ಡಾ' ಆಯಿತೆಂದು ಹೇಳುತ್ತಾರೆ. 1937ರಿಂದ ಅದು ಮಾರುಕಟ್ಟೆಯಲ್ಲಿದೆ. ಕನ್ನಡದಲ್ಲಿ ಅದು ಮೊದಲು ಯಾವುದೇ ವನಸ್ಪತಿಗೆ ಹೆಸರಾಯಿತು. (ಸಂಸ್ಕೃತದಲ್ಲಿ ಮರವಾಗಿದ್ದ 'ವನಸ್ಪತಿ' ಡಬ್ಬದೊಳಗಿನ ಜಿಡ್ಡಾಗಿ ಇಳಿದ ಕಥೆಯೇ ಪ್ರತ್ಯೇಕ ಚರ್ಚೆಗೆ ಯೋಗ್ಯವಾದದ್ದು.) ಆಮೇಲೆ ಒಳಗಿನ ವಸ್ತು ಮುಗಿದು ಡಬ್ಬ ಉಳಿಯಿತು. ಹಳದಿ ಬಣ್ಣದ, ಮರದ ಚಿತ್ರವಿದ್ದ ಆ ಡಬ್ಬದಲ್ಲಿ ನಮ್ಮ ಮನೆಯಲ್ಲಿ ತೊಗರಿಬೇಳೆ ಇತ್ತು, ಪಕ್ಕದ ಮನೆಯ ಅಂಗಳದಲ್ಲಿ ದೊಡ್ಡಪತ್ರೆ ಗಿಡವಿತ್ತು. 'ಒಂದು ಡಾಲ್ಡಾ ಡಬ್ಬ ಅಕ್ಕಿ' ಎಂದರೆ ಅದೇ ಒಂದು ಅಳತೆಯಾಗಿತ್ತು. ಹಾರ್ಲಿಕ್ಸಿಗೂ ಇದೇ ಗತಿ ಒದಗಿ, ಅದು ಉಪ್ಪಿನಕಾಯಿ ಹಾಕುವ ಗಾಜಿನ ಬಾಟಲಿಯ ಹೆಸರಾಗಿ ಅಡುಗೆಮನೆಯಲ್ಲಿ ಉಳಿಯಿತು. ಆದರೆ ಡಾಲ್ಡಾ ಅಲ್ಲಿಗೂ ನಿಲ್ಲಲಿಲ್ಲ. ದುಂಡಗಿರುವ ಮಕ್ಕಳನ್ನು 'ಡಾಲ್ಡಾ ಡಬ್ಬ' ಎಂದು ರೇಗಿಸುವುದಾಯಿತು (ನಾನು ಆರನೆಯ ತರಗತಿಯವರೆಗೆ ಈ ಬಿರುದನ್ನು ಹೊತ್ತಿದ್ದೆ), ತುಪ್ಪದೆದುರು ನಿಂತು 'ಅಸಲಿಯಲ್ಲದ್ದು' ಎಂಬ ಅರ್ಥವನ್ನೂ ಪಡೆಯಿತು. ವಸ್ತು, ಪಾತ್ರೆ, ಅಳತೆ, ಬೈಗುಳ, ತೀರ್ಪು: ಒಂದು ವ್ಯಾಪಾರದ ಹೆಸರು ಇಷ್ಟು ದೂರ ನಡೆದುಬಂದ ಮೇಲೂ ಅದನ್ನು ಕನ್ನಡದ ಪದವೆಂದು ದಾಖಲಿಸಲು ನಾವು ಹಿಂಜರಿದರೆ ಆ ಹಿಂಜರಿಕೆಗೆ ಕಾರಣ ನನಗೆ ತಿಳಿಯದು.

ಇನ್ನು ಕೆಲವು ಹೆಸರುಗಳು ತಮ್ಮ ಒಡೆಯರನ್ನೂ ಮೀರಿ ಬದುಕಿವೆ. ಸ್ಟೆಪ್ನಿ ಅಂಥದ್ದು. ವೇಲ್ಸಿನ ಲಾನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರಲ್ಲಿ ಹೆಚ್ಚುವರಿ ಚಕ್ರವನ್ನು ಮಾಡಲು ತೊಡಗಿ, ಬೀದಿಯ ಹೆಸರನ್ನೇ ಚಕ್ರಕ್ಕಿಟ್ಟರು. ಹುಟ್ಟಿದ ನಾಡಿನಲ್ಲಿ ಈಗ ಆ ಮಾತು ಬಳಕೆಯಲ್ಲಿಲ್ಲ. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಮಾತ್ರ "ಸ್ಟೆಪ್ಣಿಗೆ ಗಾಳಿ ಇದೆಯಾ ನೋಡಪ್ಪ" ಎಂಬ ರೂಪದಲ್ಲಿ, ಮೂರ್ಧನ್ಯ ಣಕಾರದ ಸಮೇತ, ಆರೋಗ್ಯವಾಗಿದೆ. ಟೆಂಪೊ ಕೂಡ ಜರ್ಮನಿಯ ಹ್ಯಾಂಬರ್ಗಿನ ಕಂಪನಿಯೊಂದರ ಗಾಡಿಯ ಹೆಸರು. ಪುಣೆಯ ಬಜಾಜ್ ಟೆಂಪೊದವರು 2005ರಲ್ಲಿ ತಮ್ಮ ಹೆಸರನ್ನೇ ಫೋರ್ಸ್ ಮೋಟರ್ಸ್ ಎಂದು ಬದಲಿಸಿಕೊಂಡರೂ, ಮನೆ ಖಾಲಿ ಮಾಡುವವರು ಇಂದಿಗೂ ಕರೆಸುವುದು ಟೆಂಪೊವನ್ನೇ. ಅಮೆರಿಕದಲ್ಲಿ ಇಂಥ ಪ್ರಶ್ನೆಗಳನ್ನು ನ್ಯಾಯಾಲಯಗಳು ತೀರ್ಮಾನಿಸುತ್ತವೆ. 'ಥರ್ಮಾಸ್' ಎಂಬುದು ಸಾಮಾನ್ಯ ಪದವಾಗಿಬಿಟ್ಟಿದೆ ಎಂಬ ತೀರ್ಪು 1963ರಲ್ಲಿ ಅಲ್ಲಿ ಬಂದಿತ್ತು. ನಮ್ಮಲ್ಲಿ ಆ ಅಧಿಕಾರ ಕನ್ನಡ ಶಿಕ್ಷಕರ ಕೆಂಪು ಪೆನ್ನಿಗೆ ಇದೆ ಎಂಬುದೇ ವ್ಯತ್ಯಾಸ.

ಇದಕ್ಕೆ ಹಿಂದಿನವರ ದಾರಿ ಬೇರೆಯಾಗಿತ್ತು ಎಂಬುದನ್ನೂ ಗಮನಿಸಬೇಕು. ಹೊರಗಿನಿಂದ ಹೊಸ ವಸ್ತು ಬಂದಾಗ ಅವರು ಮಾರುವವರ ಹೆಸರನ್ನು ಕೇಳಲಿಲ್ಲ. 'ಸೀಮೆ' ಎಂಬ ಒಂದೇ ಮುದ್ರೆಯನ್ನು ಒತ್ತಿ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ, ಸೀಮೆಹಸು ಎಂದು ಮನೆಯೊಳಕ್ಕೆ ಬಿಟ್ಟುಕೊಂಡರು. ವಸ್ತು ಹೊಸದು, ಹೆಸರಿನ ಮುಖ್ಯಭಾಗ ಹಳೆಯದು. ಪೊಟ್ಟಣದ ಮೇಲೆ ಹೆಸರು ಅಚ್ಚಾಗಿ, ರೇಡಿಯೋದಲ್ಲಿ ಅದನ್ನು ದಿನಕ್ಕೆ ಹತ್ತು ಸಲ ಹಾಡತೊಡಗಿದ ಮೇಲೆ ಈ ಪದ್ಧತಿ ನಿಂತುಹೋಗಿರಬೇಕು. ಅಂಕಿತನಾಮ ಗುಣವಾಚಕವಾಗುವುದು ಮಾತ್ರ ನಮಗೆ ಹೊಸದೇನಲ್ಲ. ಚಾಡಿ ಹೇಳುವವನನ್ನು ನಾರದ ಎಂದೂ, ಮನೆ ಮುರಿಯುವವನನ್ನು ಶಕುನಿ ಎಂದೂ, ಎಬ್ಬಿಸಿದರೂ ಏಳದವನನ್ನು ಕುಂಭಕರ್ಣ ಎಂದೂ ಕರೆಯುವ ಜನ ಚೈನಿನ ಯಂತ್ರವನ್ನು ಹಿಟಾಚಿ ಎಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ನನ್ನ ನಿಜವಾದ ಪ್ರಶ್ನೆಗಳಿಗೆ ಬರುತ್ತೇನೆ. ಹೀಗೆ ರೂಢಿಗಿಳಿದ ವ್ಯಾಪಾರದ ಹೆಸರುಗಳಿಗೆ ಕನ್ನಡದಲ್ಲಿ ಒಂದು ಪಾರಿಭಾಷಿಕ ಪದ ಈಗಾಗಲೇ ಇದೆಯೇ? ಇಲ್ಲದಿದ್ದರೆ, 'ಬ್ರ್ಯಾಂಡ್' ಎಂಬುದಕ್ಕೆ 'ಅಂಕಿತ' ಎಂಬ ಪದವನ್ನೇ ಬಳಸಬಹುದೆಂದು ನನಗೆ ತೋರುತ್ತದೆ. ಕೊನೆಯ ಸಾಲಿನ 'ಕೂಡಲಸಂಗಮದೇವ'ವನ್ನು ಕಂಡು ಇದು ಯಾರ ವಚನವೆಂದು ಗುರುತಿಸುತ್ತೇವಲ್ಲ, ಡಬ್ಬದ ಮೇಲಿನ ಹೆಸರು ಮಾಡುವ ಕೆಲಸವೂ ಅದೇ. ಅದನ್ನು ಒಪ್ಪಿದರೆ ಜೆಸಿಬಿ, ಡಾಲ್ಡಾ, ಸ್ಟೆಪ್ನಿಗಳನ್ನು 'ಅಳಿದಂಕಿತ'ಗಳು ಎನ್ನಬಹುದೇ? ಇದನ್ನು ಕೇಳಿಸಿಕೊಂಡ ನನ್ನ ಅಕ್ಕ, ಶ್ರದ್ಧಾಂಜಲಿಯ ಜಾಹೀರಾತಿನ ಹಾಗಿದೆ ಎಂದು ಮೂಗುಮುರಿದಿದ್ದಾಳೆ. 'ರೂಢಾಂಕಿತ' ಎಂಬುದು ಅವಳ ಸೂಚನೆ. ಎರಡನೆಯದಾಗಿ, ಜೆಸಿಬಿ ಮತ್ತು ಹಿಟಾಚಿಗಳ ಅರ್ಥವ್ಯತ್ಯಾಸ ಮೈಸೂರು ಸೀಮೆಯಲ್ಲಿ ನಾನು ಕೇಳಿದಂತೆಯೇ ಕಲಬುರಗಿ, ವಿಜಯಪುರ, ಕರಾವಳಿಯ ಕಡೆಗಳಲ್ಲೂ ಇದೆಯೇ, ಅಥವಾ ಅಲ್ಲಿ ಅವೆರಡಕ್ಕೂ ಒಂದೇ ಹೆಸರೋ, ಬೇರೆಯದೇ ಹೆಸರೋ, ಬಲ್ಲವರು ತಿಳಿಸಬೇಕು. ಉತ್ತರಪತ್ರಿಕೆಗೆ ಪೋಷಕರ ಸಹಿ ಹಾಕಿಸಿ ಹಿಂದಿರುಗಿಸಲು ಸೋಮವಾರ ಕೊನೆಯ ದಿನವಾದ್ದರಿಂದ, ಅಷ್ಟರೊಳಗೆ ಬಂದ ಉತ್ತರಗಳು ಅರ್ಧ ಅಂಕದ ಮೇಲ್ಮನವಿಗೂ ಒದಗುತ್ತವೆ.